ಬಾಯಿ ಕಟ್ಟಿದ ರೇಡಿಯೋ

ಬುಗೊಬೆ ದ್ವೀಪ, ಉಕೆರೆವೆ
೩ ಮಾರ್ಚ್ ೧೯೯೧

ಮುಸಿಬಾ ಮಾವನಿಗೆ ನ್ಯಂಗೇತಾಳ ನಮಸ್ಕಾರ.

ಇಲ್ಲಿ ಅಮ್ಮ, ನಾನು, ನಿಮ್ಮ ಎರಡು ಆಡು, ಎಲ್ಲರೂ ಚೆನ್ನಾಗಿದ್ದೇವೆ. ಅಷ್ಟು ದೊಡ್ಡ ಊರಿನಲ್ಲಿ ನೀವು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರೋ ಇಲ್ಲವೋ ಅನ್ನುವುದೊಂದೇ ಅಮ್ಮನ ಚಿಂತೆ. "ನನ್ ತಮ್ಮ ದಾರ್‌ಗೆ ಹೋಗಿ ಆರು ವರ್ಷ ಆಯ್ತು. ಸರೋವರದ ಮೀನು ಒಂದ್ ದಿನನಾದ್ರೂ ಬಾಯಿಗೆ ಬಿತ್ತಾ ಕೇಳು" ಎಂದು ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ.

ನೀವು ಬಿಟ್ಟುಹೋದ ರಿಪೇರಿ ಮೇಜಿನ ಮೇಲೆ ಈಗ ಕೈಯಿಡಲು ಜಾಗವಿಲ್ಲ. ಮೊದಮೊದಲು ನನ್ನ ಮುಖ ನೋಡಿ ರೇಡಿಯೋ ವಾಪಸು ಎತ್ತಿಕೊಂಡು ಹೋಗುತ್ತಿದ್ದವರೇ ಈಗ ಸಾಲುಗಟ್ಟಿ ಬರುತ್ತಾರೆ. ಸೆಲ್ಲು ಸತ್ತರೆ ಮೊಳೆಯಿಂದ ತೂತು ಹೊಡೆದು ಉಪ್ಪುನೀರು ಕುಡಿಸುವ ಚಟ ಮಾತ್ರ ನಮ್ಮವರಿಗೆ ಇನ್ನೂ ಹೋಗಿಲ್ಲ. ಆ ನೀರು ಸೋರಿ ಒಳಗಿನ ತಾಮ್ರವನ್ನೆಲ್ಲ ತಿಂದುಹಾಕುತ್ತದೆ. ಮಜುರಾ ಅಜ್ಜನಿಗೆ ಹೀಗೆ ಮಾಡಬೇಡಿ ಎಂದರೆ, "ಒಂದ್ ಚಿಟಿಕೆ ಉಪ್ಪು ಕಣೇ. ಮೀನಿಗೆ ಹಾಕಿದ್ರೆ ಕೆಡಲ್ಲ, ಸೆಲ್ಲಿಗೆ ಹಾಕಿದ್ರೆ ಕೆಡತ್ತಾ?" ಎಂದು ನನಗೇ ಪಾಠ ಹೇಳಿದ.

ಈಗ ಕೇಳಬೇಕಾದ ವಿಷಯ. ಗಿರಾಕಿಯೊಬ್ಬರ ಹತ್ತಿರ ಒಂದು ದೊಡ್ಡ ಸೆಟ್ಟು ಇದೆ. ಮಾತಾಡಲೂ ಬರುವ ಜಾತಿಯದು, ಕಾರಿನ ಬ್ಯಾಟರಿಯಿಂದ ನಡೆಯುತ್ತದೆ. ಆಚೆ ದಡದ ಮ್ವಾಂಜಾ ಪಟ್ಟಣದವರು ಕೆಮ್ಮಿದರೂ ನಮಗೆ ಕೇಳುತ್ತದೆ. ಆದರೆ ಗುಂಡಿ ಒತ್ತಿ ಮಾತಾಡಿದರೆ ನಮ್ಮ ದನಿ ಯಾರಿಗೂ ಮುಟ್ಟುವುದಿಲ್ಲ. ಏನಾಗಿರಬಹುದು? ಅಲ್ಲದೆ, ನನಗೆ ಕೈಗೆ ಗೊತ್ತಿರುವುದು ತಲೆಗೆ ಗೊತ್ತಿಲ್ಲ. ಯಾವ ಭಾಗ ಏಕಿದೆ, ಏನು ಮಾಡುತ್ತದೆ, ಒಂದು ಸಲ ಬಿಡಿಸಿ ಬರೆಯಿರಿ.

ನಿಮ್ಮ
ನ್ಯಂಗೇತಾ


ದಾರ್ ಎಸ್ ಸಲಾಮ್
೨೪ ಮಾರ್ಚ್ ೧೯೯೧

ಮಗಳೇ,

ನಿನ್ನ ಕಾಗದ ದೋಣಿ, ಹಡಗು, ರೈಲು ಎಲ್ಲವನ್ನೂ ಹತ್ತಿ ಇಳಿದು ನಿಧಾನವಾಗಿ ಬಂತು. ಅಕ್ಕನಿಗೆ ಹೇಳು, ಸಮುದ್ರದ ಮೀನೂ ಮೀನೇ, ನನ್ನ ಹೊಟ್ಟೆ ಅವಳು ನೋಡಿದ್ದಕ್ಕಿಂತ ಎರಡು ಬೆರಳು ಮುಂದೆ ಬಂದಿದೆ. ಮಜುರಾ ಅಜ್ಜನನ್ನು ತಿದ್ದಲು ಹೋಗಬೇಡ. ನಾನು ಹತ್ತು ವರ್ಷ ಪ್ರಯತ್ನಪಟ್ಟು ಸೋತಿದ್ದೇನೆ.

ಭಾಗಗಳ ವಿಷಯ ಕೇಳಿದ್ದೀಯೆ, ಸಂತೋಷ. ಮೈಮೇಲೆ ಬಣ್ಣಬಣ್ಣದ ಪಟ್ಟಿಯಿರುವ ಸಣ್ಣ ಕಡ್ಡಿ ಇದೆಯಲ್ಲ, ಅದು ರೆಸಿಸ್ಟರ್. ಕರೆಂಟಿಗೆ ಅಡ್ಡ ನಿಲ್ಲುವುದೇ ಅದರ ಉದ್ಯೋಗ. ಅಡ್ಡ ನಿಂತ ಕಡೆ ವೋಲ್ಟು ಖರ್ಚಾಗುತ್ತದೆ. ಹರಿಯುವ ಕರೆಂಟು ಹೆಚ್ಚಾದಷ್ಟೂ ಆ ಖರ್ಚೂ ಹೆಚ್ಚು. ಉಳಿದದ್ದೆಲ್ಲ ಮರೆತರೂ ಇದೊಂದನ್ನು ಉರು ಹೊಡೆ. ಅಡ್ಡ ನಿಲ್ಲುವ ಗುಣ ಆ ಕಡ್ಡಿಗೆ ಮಾತ್ರವಲ್ಲ, ಪ್ರತಿಯೊಂದು ವಸ್ತುವಿಗೂ ಅಷ್ಟಿಷ್ಟು ಇದ್ದೇ ಇರುತ್ತದೆ.

ಡಯೋಡು ಎಂದರೆ ನಾವು ದಡದ ನೀರಿನಲ್ಲಿ ಇಡುವ ಮೀನಿನ ಬುಟ್ಟಿ. ಒಳಗೆ ಹೋಗಲು ಬಿಡುತ್ತದೆ, ತಿರುಗಿ ಬರಲು ಬಿಡುವುದಿಲ್ಲ. ಡಬ್ಬಿಯಂಥದು ಕೆಪಾಸಿಟರ್, ಗಡಿಗೆಯ ಹಾಗೆ ತುಂಬಿಕೊಂಡು ಬೇಕಾದಾಗ ಸುರಿಯುತ್ತದೆ. ಸ್ವಿಚ್ಚು ಆರಿಸಿದ ಮೇಲೂ ಅದು ತುಂಬಿಯೇ ಇರುತ್ತದೆ, ಹುಷಾರು. ಒಂದು ಸಲ ನನ್ನನ್ನು ಸ್ಟೂಲಿನಿಂದ ಕೆಡವಿತ್ತು. ನಿಮ್ಮಮ್ಮ ಬಂದು ಎತ್ತುವ ಬದಲು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಇನ್ನು ಟ್ರಾನ್ಸಿಸ್ಟರ್. ದೋಣಿಯವನು ಎರಡು ಬೆರಳಲ್ಲಿ ಹಗ್ಗ ಎಳೆದರೆ ಅಷ್ಟು ದೊಡ್ಡ ಹಾಯಿ ತಿರುಗುವುದಿಲ್ಲವೇ? ಬಲ ಗಾಳಿಯದು, ಹೇಳಿದ್ದು ಬೆರಳು. ಟ್ರಾನ್ಸಿಸ್ಟರೂ ಹಾಗೆಯೇ, ನಿನ್ನ ಸಣ್ಣ ದನಿಯ ಮಾತು ಕೇಳಿಕೊಂಡು ಬ್ಯಾಟರಿಯ ದೊಡ್ಡ ಬಲವನ್ನು ಕುಣಿಸುತ್ತದೆ.

ನಿನ್ನ ಗಿರಾಕಿಯ ಸೆಟ್ಟಿನ ಕಥೆ ನೋಡದೆಯೇ ಹೇಳುತ್ತೇನೆ. ಕೇಳಿಸಲು ಬೇರೆ ಭಾಗ, ಕಳಿಸಲು ಬೇರೆ ಭಾಗ. ಕಳಿಸುವ ಕಡೆಯ ಕೊನೆಯ ಎರಡು ದೊಡ್ಡ ಟ್ರಾನ್ಸಿಸ್ಟರ್ ಸುಟ್ಟಿವೆ. ಯಾವನೋ ಮೀನಿನ ಲಾರಿಯ ಸಾಹುಕಾರನ ಸೆಟ್ಟಿರಬೇಕು. ಮುಚ್ಚಳ ಮುಟ್ಟಬೇಡ. ಮ್ವಾಂಜಾಕ್ಕೆ ಕಳಿಸು ಎಂದು ಹೇಳಿ ಕೈ ತೊಳೆದುಕೋ. ಏನಾದರೂ ಎಡವಟ್ಟಾದರೆ ಹೋಗುವುದು ನಿನ್ನ ಹೆಸರಲ್ಲ, ನನ್ನದು. ಆ ಬಾಗಿಲ ಮೇಲೆ ಇನ್ನೂ ನನ್ನ ಬೋರ್ಡೇ ಇದೆಯಲ್ಲ.

ನಿನ್ನ ಮಾವ
ಮುಸಿಬಾ


ಬುಗೊಬೆ
೧೪ ಏಪ್ರಿಲ್ ೧೯೯೧

ಮಾವ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ರೆಸಿಸ್ಟರಿನ ಮಾತನ್ನು ಉರು ಹೊಡೆದಿದ್ದೇನೆ. ಈಗ ಒಂದು ತಪ್ಪು ಒಪ್ಪಿಕೊಳ್ಳಬೇಕು. ಆ ಸೆಟ್ಟು ಯಾವ ಸಾಹುಕಾರನದೂ ಅಲ್ಲ. ನಮ್ಮ ಆಸ್ಪತ್ರೆಯದು. ಸರಕಾರದ ಸಾಮಾನು ಮುಟ್ಟುತ್ತಿದ್ದೇನೆ ಎಂದರೆ ಬೈಯುತ್ತೀರಿ ಎಂದು ಹೇಳಿರಲಿಲ್ಲ.

ಅದು ಮಾತು ನಿಲ್ಲಿಸಿದ್ದು ಡಿಸೆಂಬರಿನಲ್ಲಿ. ಜನವರಿಯಲ್ಲಿ ಪಕ್ಕದ ಮನೆಯ ನ್ಯಮಾಟಾಗೆ ಎರಡು ದಿನ ನೋವು ಕಾಣಿಸಿಕೊಂಡು ಹೆರಿಗೆಯಾಗಲಿಲ್ಲ. ನರ್ಸ್ ಪೆರ್ಪೆಟುವಾ ಮೈಕು ಹಿಡಿದು ಮ್ವಾಂಜಾ, ಮ್ವಾಂಜಾ ಎಂದು ಎರಡು ಗಂಟೆ ಕೂಗಿದರು. ಆ ಕಡೆಯವರು ಔಷಧಿ ಪೆಟ್ಟಿಗೆಯ ಲೆಕ್ಕ ಮಾತಾಡಿಕೊಳ್ಳುತ್ತಿದ್ದದ್ದು ನಮಗೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ನಮ್ಮ ಕೂಗು ಅವರಿಗೆ ಕೇಳಲಿಲ್ಲ. ಕೊನೆಗೆ ಹಾಯಿದೋಣಿಯಲ್ಲಿ ನನ್ಸಿಯೋದ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ನ್ಯಮಾಟಾ ಉಳಿದಳು, ಮಗು ಉಳಿಯಲಿಲ್ಲ. ಅವತ್ತು ನಾನೂ ಜಗಲಿಯಲ್ಲೇ ನಿಂತಿದ್ದೆ ಮಾವ. ಊರಿನ ಅರ್ಧ ರೇಡಿಯೋ ರಿಪೇರಿ ಮಾಡುವವಳು ಸುಮ್ಮನೆ ನಿಂತು ನೋಡಿದೆ.

ಫೆಬ್ರವರಿಯಲ್ಲಿ ಮ್ವಾಂಜಾದಿಂದ ಲುಹೆಂಡೆ ಎಂಬ ತಂತ್ರಜ್ಞ ಬಂದಿದ್ದ. ಜಗಲಿಯಲ್ಲಿ ಸೆಟ್ಟಿನ ಹಿಂದೆ ಮೀಟರ್ ಇಟ್ಟು ನೋಡಿ, "ಹನ್ನೆರಡೂವರೆ ವೋಲ್ಟ್ ಇದೆ, ಬ್ಯಾಟರಿ ಗಟ್ಟಿ. ಟ್ರಾನ್ಸಿಸ್ಟರ್ ಸುಟ್ಟಿದೆ" ಅಂದ. ನೀವು ಹೇಳಿದ್ದೂ ಅದನ್ನೇ. ಬ್ಯಾಟರಿಯನ್ನು ಕಣ್ಣಾರೆ ನೋಡುತ್ತೇನೆ ಎಂದಾಗ ಪೆರ್ಪೆಟುವಾ ಬಾಗಿಲಿಗೆ ಅಡ್ಡ ನಿಂತರು. ಬ್ಯಾಟರಿ ಇರುವುದು ಹೆರಿಗೆ ಕೋಣೆಯಲ್ಲಿ, ಸೆಟ್ಟು ಇರುವುದು ಹೊರಗೆ ಜಗಲಿಯಲ್ಲಿ, ನಡುವೆ ಉದ್ದಕ್ಕೆ ತಂತಿ. "ಗಂಡಸ್ರು ಈ ಹೊಸ್ತಿಲು ದಾಟಂಗಿಲ್ಲ. ಡಾಕ್ಟರಾದ್ರೆ ಸರಿ. ನೀನೇನು ಡಾಕ್ಟರಾ?" ಎಂದರು. ಅವನಿಗೂ ಒಳಗೆ ಹೋಗಲೇಬೇಕು ಅನ್ನುವ ಆತುರವೇನೂ ಇರಲಿಲ್ಲ.

ಈಗ ಕಾಗದ ಬಂದಿದೆ. ಜೂನ್ ಇಪ್ಪತ್ತಕ್ಕೆ ಜಿಲ್ಲೆಯ ದೊಡ್ಡ ಡಾಕ್ಟರೂ ಲುಹೆಂಡೆಯೂ ದೋಣಿಯಲ್ಲಿ ಬಂದು ಸೆಟ್ಟನ್ನು ರಿಪೇರಿಗೆ ಒಯ್ಯುತ್ತಾರಂತೆ. ಹೋದದ್ದು ಬರುವುದಿಲ್ಲ. ಆಚೆ ದ್ವೀಪದ ಸೆಟ್ಟು ಎರಡು ವರ್ಷದ ಹಿಂದೆ ಹೀಗೆಯೇ ಹೋಯಿತು. ಈಗ ಅಲ್ಲಿ ಗೋಡೆಯಲ್ಲಿ ಮೊಳೆ ಮಾತ್ರ ಇದೆ. ಪೆರ್ಪೆಟುವಾ ನನ್ನ ಹೆಸರು ಹಾಕಿ ಡಾಕ್ಟರಿಗೆ ಬರೆದರು. ಅವರ ಉತ್ತರ ಒಂದೇ ಸಾಲು: ಆ ದಿನ ಸೆಟ್ಟು ಮಾತಾಡಿದರೆ ಅಲ್ಲೇ ಇರಲಿ, ಇಲ್ಲದಿದ್ದರೆ ತರುತ್ತೇವೆ.

ಎರಡು ತಿಂಗಳಿದೆ. ಎಲ್ಲಿಂದ ಶುರು ಮಾಡಲಿ? ಬೈದರೂ ಸರಿ, ಬೇಗ ಬರೆಯಿರಿ.

ನ್ಯಂಗೇತಾ


ಬುಗೊಬೆ
೧೨ ಮೇ ೧೯೯೧

ಮಾವ,

ನಾಲ್ಕು ವಾರವಾಯಿತು, ನಿಮ್ಮಿಂದ ಒಂದು ಗೆರೆ ಇಲ್ಲ. ದೋಣಿ ಬಂದಾಗಲೆಲ್ಲ ಹೋಗಿ ನಿಲ್ಲುತ್ತೇನೆ. ಅಂಚೆ ಚೀಲದವನು ದೂರದಿಂದಲೇ ತಲೆಯಲ್ಲಾಡಿಸುತ್ತಾನೆ. ನಾನು ಸುಳ್ಳು ಹೇಳಿದೆನೆಂದು ಕೋಪವೇ? ನಿಮ್ಮ ಹೆಸರಿಗೆ ಮಸಿ ಬಳಿಯುತ್ತೇನೆಂದು ಹೆದರಿಕೆಯೇ? ಬೋರ್ಡು ಇಳಿಸಬೇಕೆಂದಿದ್ದರೆ ಹೇಳಿ, ಇವತ್ತೇ ಇಳಿಸುತ್ತೇನೆ. ಅಮ್ಮ "ಅವನು ಹಾಗೆಲ್ಲ ಮುಖ ಊದಿಸ್ಕೊಳ್ಳೋನಲ್ಲ, ಏನೋ ಆಗಿದೆ" ಅನ್ನುತ್ತಾಳೆ. ನನಗೆ ಬೇಜಾರಾಗಿದೆ, ಅದನ್ನು ಮುಚ್ಚಿಡುವುದಿಲ್ಲ.

ಕಾಯುತ್ತ ಕೂತರೆ ದಿನ ನಿಲ್ಲುವುದಿಲ್ಲವಲ್ಲ. ನಾನೇ ಶುರು ಮಾಡಿದೆ. ಲುಹೆಂಡೆ ಮೀಟರ್ ಇಟ್ಟದ್ದು ಸೆಟ್ಟು ಸುಮ್ಮನಿದ್ದಾಗ. ಮಾತಾಡುವಾಗ ಎಷ್ಟಿರುತ್ತದೆ ಎಂದು ಯಾರೂ ನೋಡಿರಲಿಲ್ಲ. ಪೆರ್ಪೆಟುವಾ ಕೈಗೆ ಮೈಕು ಕೊಟ್ಟು, ಗುಂಡಿ ಒತ್ತಿ ಕೂಗಿ ಎಂದೆ. ಒತ್ತಿದ ಕೂಡಲೇ ಹನ್ನೆರಡೂವರೆಯಿದ್ದ ಮುಳ್ಳು ಏಳಕ್ಕೆ ಬಿತ್ತು. ಬಿಟ್ಟರೆ ಮತ್ತೆ ಹನ್ನೆರಡೂವರೆ. ಬ್ಯಾಟರಿಯೇ ಸೋತಿದೆ ಅಂದುಕೊಂಡೆ.

ಆಮೇಲೆ ಹೆರಿಗೆ ಕೋಣೆಯೊಳಗೆ ಹೋದೆ. ಹೆಣ್ಣಾಗಿದ್ದಕ್ಕೆ ಅಷ್ಟಾದರೂ ಅನುಕೂಲ ಬೇಡವೇ. ಪೆರ್ಪೆಟುವಾ ಬಾಗಿಲಲ್ಲಿ ನನ್ನ ಕಾಲು ತೊಳೆಸಿ, ತಲೆಗೆ ಬಟ್ಟೆ ಕಟ್ಟಿ, "ಒಳಗೆ ಬಂದ್ಮೇಲೆ ಬಿಟ್ಟಿ ಕೂರಂಗಿಲ್ಲ, ನೀರು ಕಾಯಿಸ್ಬೇಕು" ಎಂದು ಕಳಿಸಿದರು. ಮಂಚದ ಮೇಲೆ ಮಲಗಿದ್ದ ಬಸುರಿ ನಾನು ಮೀಟರ್ ಹಿಡಿದು ಬ್ಯಾಟರಿಯ ಪಕ್ಕ ಬಗ್ಗಿದ್ದನ್ನು ನೋಡಿ, "ಹೆರಿಗೆ ಯಾರಿಗೆ ತಾಯಿ, ನನಗೋ ಆ ಬ್ಯಾಟರಿಗೋ?" ಅಂದಳು. ಹೊರಗೆ ಪೆರ್ಪೆಟುವಾ ಗುಂಡಿ ಒತ್ತಿದರು. ಬ್ಯಾಟರಿಯ ತಲೆಯ ಮೇಲೆ ಹನ್ನೆರಡು ವೋಲ್ಟು ಹಾಗೇ ನಿಂತಿತ್ತು. ಮೂರು ಸಲ ನೋಡಿದೆ.

ಇಲ್ಲಿ ಹನ್ನೆರಡು, ಅಲ್ಲಿ ಏಳು. ಐದು ವೋಲ್ಟು ದಾರಿಯಲ್ಲೇ ಮಾಯ! ನೀವು ಬರೆದಿದ್ದಿರಲ್ಲ, ಅಡ್ಡ ನಿಂತ ಕಡೆ ಖರ್ಚು, ಕರೆಂಟು ಹೆಚ್ಚಾದಷ್ಟೂ ಖರ್ಚು ಹೆಚ್ಚು ಎಂದು. ಕೇಳುವಾಗ ಸೆಟ್ಟಿಗೆ ಕರೆಂಟು ಬೇಕಾಗುವುದು ಚೂರೇ ಚೂರು, ಅದಕ್ಕೆ ತಂತಿ ಸಾಕು. ಮಾತಾಡುವಾಗ ಬೇಕಾದದ್ದು ಹತ್ತಾರು ಪಟ್ಟು. ಟ್ರಾನ್ಸಿಸ್ಟರ್ ಸುಟ್ಟೇ ಇಲ್ಲ ಮಾವ, ಅದಕ್ಕೆ ಊಟವೇ ಮುಟ್ಟುತ್ತಿಲ್ಲ. ಎಂಟು ಮೀಟರ್ ಉದ್ದ ಹೋಗಿರುವುದು ಮನೆಯ ದೀಪಕ್ಕೆ ಹಾಕುವ ತಂತಿ. ನಡುವೆ ಮೂರು ಕಡೆ ಗಂಟು. ಬೆಸುಗೆಯಿಲ್ಲ, ಬರೀ ಹೊಸೆದು ಕಟ್ಟಿದ್ದು. ಸರೋವರದ ತೇವಕ್ಕೆ ಒಳಗೆಲ್ಲ ಹಸಿರು ಕಿಲುಬು ಹಿಡಿದಿದೆ.

ಇದನ್ನು ಯಾರು ಯಾವಾಗ ಹಾಕಿದರೋ ಪೆರ್ಪೆಟುವಾಗೆ ಗೊತ್ತಿಲ್ಲ. ಅವರು ಈ ದ್ವೀಪಕ್ಕೆ ಬರುವ ಮುಂಚಿನಿಂದಲೂ ಹಾಗೇ ಇತ್ತಂತೆ.

ಅಷ್ಟು ಉದ್ದದ ದಪ್ಪ ತಂತಿ ಈ ದ್ವೀಪದಲ್ಲಿ ಎಲ್ಲೂ ಸಿಗುವುದಿಲ್ಲ. ನೀವು ಕೋಪ ಮಾಡಿಕೊಂಡಿದ್ದರೂ ಪರವಾಗಿಲ್ಲ, ಏನು ಮಾಡಲಿ ಎಂದು ಎರಡು ಸಾಲು ಬರೆಯಿರಿ.

ನ್ಯಂಗೇತಾ


ದಾರ್ ಎಸ್ ಸಲಾಮ್
೨೦ ಮೇ ೧೯೯೧

ಮಗಳೇ ನ್ಯಂಗೇತಾ,

ನಿನ್ನ ಏಪ್ರಿಲ್ ಕಾಗದ ಬಂದು ಮೂರು ವಾರವಾಯಿತು. ಮೂರು ಸಲ ಬರೆದು ಮೂರು ಸಲ ಹರಿದೆ. ಇದನ್ನು ಹರಿಯುವುದಿಲ್ಲ.

ಸೆಟ್ಟಿನ ಮುಚ್ಚಳ ತೆಗೆಯಬೇಡ. ಸೆಟ್ಟು ಸರಿಯಾಗಿಯೇ ಇದೆ. ತಂತಿ ನೋಡು. ಆ ತಂತಿ ಹಾಕಿದವನು ನಾನು.

ನೀನಾಗ ಬೋರ್ಡಿಂಗ್ ಶಾಲೆಯಲ್ಲಿದ್ದೆ. ಆಸ್ಪತ್ರೆಗೆ ಸೆಟ್ಟು ಬಂದ ಹೊಸದು. ಬ್ಯಾಟರಿ, ಸೆಟ್ಟು ಎರಡೂ ಹೆರಿಗೆ ಕೋಣೆಯಲ್ಲೇ ಇದ್ದವು, ಸೂರಿನ ಮೇಲೆ ಸೋಲಾರ್ ಹಲಗೆ ಇದ್ದದ್ದು ಅಲ್ಲೇ ಆದ್ದರಿಂದ. ಒಂದು ದಿನ ಒಬ್ಬ ತನ್ನ ಹೆಂಡತಿಗಾಗಿ ದೋಣಿ ಕರೆಸಲು ಓಡಿ ಬಂದ. ಒಳಗೆ ಅವನ ಅತ್ತೆ ಕೂತಿದ್ದಳು. ಅತ್ತೆಯ ಎದುರು, ಅದೂ ಅಂಥ ಕೋಣೆಯಲ್ಲಿ, ಅಳಿಯ ಹೇಗೆ ನಿಂತಾನು? ಮುಖ ಮುಚ್ಚಿಕೊಂಡು ಬಂದ ದಾರಿಯಲ್ಲೇ ಓಡಿಹೋದ, ದೋಣಿ ಕರೆಯುವವರೇ ಇಲ್ಲವಾಯಿತು. ಹಿರಿಯರು ನನ್ನ ಹತ್ತಿರ ಬಂದು, "ಮುಸಿಬಾ, ಆ ಪೆಟ್ಟಿಗೆನ ಜಗಲಿಗೆ ತಗೊಂಡ್ ಬಾ. ಗಂಡಸರು ಮರ್ಯಾದೆಯಿಂದ ಮಾತಾಡೋ ಹಾಗಾಗ್ಲಿ" ಎಂದರು. ನ್ಯಾಯವಾದ ಮಾತೇ.

ಅವತ್ತು ನಾನು ದಾರ್‌ಗೆ ಹೊರಟ ದಿನ. ದೋಣಿ ದಡದಲ್ಲಿ ಕಾಯುತ್ತಿತ್ತು. ಕೈಯಲ್ಲಿದ್ದದ್ದು ಶಾಲೆಯ ದೀಪಕ್ಕೆಂದು ತಂದಿದ್ದ ತುಂಡು ತಂತಿಗಳು. ತೆಳುವಾಯಿತು ಎಂದು ಗೊತ್ತಿತ್ತು. ಹೊಸೆದು ಕಟ್ಟಿದೆ. ಗುಂಡಿ ಒತ್ತಿದೆ, ಮ್ವಾಂಜಾ ಉತ್ತರ ಕೊಟ್ಟಿತು. ಜನ ಚಪ್ಪಾಳೆ ತಟ್ಟಿದರು. ದಾರ್‌ನಿಂದ ದಪ್ಪ ಕೇಬಲ್ ಕಳಿಸುತ್ತೇನೆ ಎಂದು ಹಿರಿಯರ ಮುಂದೆ ಮಾತು ಕೊಟ್ಟು ದೋಣಿ ಹತ್ತಿದೆ. ಇಲ್ಲಿಗೆ ಬಂದು ಮರೆತೆ. ಒಂದು ವರ್ಷವಲ್ಲ, ಆರು ವರ್ಷ.

ನಿನ್ನ ಮಾರ್ಚ್ ಕಾಗದಕ್ಕೆ ನಾನು ಬರೆದ ಉತ್ತರ ನೆನೆಸಿಕೊಂಡರೆ ಮೈ ಉರಿಯುತ್ತದೆ. ನೋಡದೆಯೇ ಹೇಳುತ್ತೇನೆ ಎಂದು ಎಷ್ಟು ಜಂಬ ಕೊಚ್ಚಿದೆ! ನ್ಯಮಾಟಾಳ ಮಗುವಿನ ವಿಷಯ ಓದಿದ ಮೇಲೆ ಮೇಜಿನ ಮುಂದೆ ಕೂರಲು ಆಗುತ್ತಿಲ್ಲ. ಅವಳಿಗೆ ಏನು ಹೇಳಲಿ?

ರೈಲಿನ ಗಾರ್ಡ್ ಒಬ್ಬರ ಕೈಯಲ್ಲಿ ಹತ್ತು ಮೀಟರ್ ದಪ್ಪ ಕೇಬಲ್ ಕಳಿಸಿದ್ದೇನೆ. ಅದು ಬರುವ ತನಕ ಏನೂ ಮಾಡಬೇಡ. ಡಾಕ್ಟರು ಬಂದಾಗ ಎಲ್ಲರೆದುರು ಹೇಳು, ಇದು ಮುಸಿಬಾ ಮಾಡಿದ ತಪ್ಪು ಎಂದು. ಬೋರ್ಡು ಇಳಿಸಿಬಿಡು.

ಮುಸಿಬಾ


ಬುಗೊಬೆ
೨೨ ಜೂನ್ ೧೯೯೧

ಪ್ರೀತಿಯ ಮಾವ,

ಮಾತಾಡಿತು! ಮೊದಲು ಅದನ್ನು ಬರೆದುಬಿಟ್ಟೆ, ಇನ್ನು ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಕಾಗದ ಜೂನ್ ಆರಕ್ಕೆ ಬಂತು. ನಿಮ್ಮ ಕೇಬಲ್ ಇವತ್ತಿನವರೆಗೂ ಬಂದಿಲ್ಲ. ನಾನು ಕಾಯಲೂ ಇಲ್ಲ. ಒಂದು ಬೆಳಿಗ್ಗೆ ನೀರು ಕಾಯಿಸುತ್ತ ಕೂತಿದ್ದಾಗ ಹೊಳೆಯಿತು. ದಪ್ಪ ತಂತಿ ಬೇಕಾಗಿರುವುದು ಬ್ಯಾಟರಿಗೂ ಸೆಟ್ಟಿಗೂ ನಡುವೆ ಮಾತ್ರ. ಸೋಲಾರ್ ಹಲಗೆಯಿಂದ ಬರುವ ಕರೆಂಟು ಎಷ್ಟು ಮಹಾ? ಕೋಣೆಯ ದೀಪ ಕುಡಿಯುವುದು ಎಷ್ಟು? ಅವೆರಡಕ್ಕೂ ನಿಮ್ಮ ದೀಪದ ತಂತಿ ಧಾರಾಳ. ಹಾಗಾದರೆ ಬ್ಯಾಟರಿ ಒಳಗೆ ಏಕಿರಬೇಕು? ಅದನ್ನೇ ಜಗಲಿಗೆ ತಂದು ಸೆಟ್ಟಿನ ಕಾಲಡಿ ಇಟ್ಟರಾಯಿತು! ಸೆಟ್ಟಿನ ಜೊತೆ ಬಂದಿದ್ದ ಗಿಡ್ಡ ದಪ್ಪ ತಂತಿಯನ್ನು ನೀವು ಸುತ್ತಿ ಆಸ್ಪತ್ರೆಯ ಅಟ್ಟದ ಮೇಲೆ ಇಟ್ಟಿದ್ದಿರಿ, ಇಲಿ ಕೂಡ ಮುಟ್ಟಿರಲಿಲ್ಲ. ದೋಣಿ ಕಟ್ಟುವ ಬಡಗಿ ಬ್ಯಾಟರಿಗೆ ಬೀಗವಿರುವ ಪೆಟ್ಟಿಗೆ ಮಾಡಿಕೊಟ್ಟ.

ಆದರೆ ಕೋಣೆ ಖಾಲಿಯಾಗಬೇಕಲ್ಲ. ಒಬ್ಬಳು ಎದ್ದರೆ ಇನ್ನೊಬ್ಬಳು ಬಂದು ಮಲಗುತ್ತಿದ್ದಳು. ಅವಳಿ ಮಕ್ಕಳು ಬೇರೆ ಹುಟ್ಟಿದವು. ಅಂತೂ ಹತ್ತೊಂಬತ್ತರ ಮಧ್ಯಾಹ್ನ ಖಾಲಿಯಾಯಿತು. ಕಿಲುಬು ಹಿಡಿದ ಗಂಟುಗಳನ್ನು ಕತ್ತರಿಸಿ, ತಾಮ್ರ ಉಜ್ಜಿ, ಬೆಸುಗೆ ಹಾಕಿ ಮುಗಿಸುವಾಗ ಮ್ವಾಂಜಾದವರು ಸೆಟ್ಟು ಆರಿಸಿ ಮನೆಗೆ ಹೋಗುವ ಹೊತ್ತಾಗಿತ್ತು. ಮೀಟರ್ ಸರಿ ಅನ್ನುತ್ತಿತ್ತು. ಆದರೆ ಯಾರಿಗಾದರೂ ಕೇಳುತ್ತದೋ ಇಲ್ಲವೋ ಗೊತ್ತಾಗಲಿಲ್ಲ. ಬೆಳಿಗ್ಗೆ ಡಾಕ್ಟರು ಬರುವವರು.

ಲುಹೆಂಡೆ ಹುಲ್ಲು ತುಂಬಿದ ಮರದ ಪೆಟ್ಟಿಗೆಯನ್ನು ಸೆಟ್ಟಿಗೆಂದೇ ಹೊರಿಸಿಕೊಂಡು ಬಂದ. ಇಡೀ ದ್ವೀಪ ಅಂಗಳದಲ್ಲಿ ನೆರೆದಿತ್ತು. ನನ್ನ ಕೆಲಸ ನೋಡಿ, "ಬ್ಯಾಟರಿ ಜಾಗ ಬದಲಾಯಿಸಿದ್ರೆ ಸುಟ್ಟ ಟ್ರಾನ್ಸಿಸ್ಟರ್ ಎದ್ದು ಕೂರತ್ತೇನಮ್ಮಾ?" ಎಂದು ನಕ್ಕ. ಕತ್ತರಿಸಿಟ್ಟಿದ್ದ ಹಳೆಯ ಗಂಟನ್ನು ಎತ್ತಿ ಹಿಡಿದು, "ಇದ್ಯಾವ ಕತ್ತೆ ಮಾಡಿದ ಕೆಲಸ?" ಎಂದು ಎಲ್ಲರಿಗೂ ತೋರಿಸಿದ.

ನ್ಯಮಾಟಾ ಅಲ್ಲೇ ನಿಂತಿದ್ದಳು ಮಾವ. ನಾನು ಹಿಂದಿನ ವಾರವೇ ಹೋಗಿ ನಿಮ್ಮ ಕಾಗದವನ್ನು ಅವಳಿಗೆ ಓದಿ ಹೇಳಿದ್ದೆ. ಪೂರ್ತಿ ಕೇಳಿ, "ನಿಮ್ ಮಾವ ತಪ್ಪಾದ್ರೂ ಒಪ್ಕೊಂಡ್ರು. ಸುಟ್ಟಿದೆ ಅಂತ ಹೇಳಿ ಬಿಟ್ಟುಹೋದೋರು ಯಾರೂ ನನಗೆ ಕಾಗದ ಬರೀಲಿಲ್ಲ" ಎಂದಷ್ಟೇ ಅಂದಿದ್ದಳು. ಅದೇ ಧೈರ್ಯದಲ್ಲಿ ನಾನು ಎಲ್ಲರೆದುರು ಹೇಳಿದೆ: "ಹಾಕಿದ್ದು ನಮ್ಮ ಮಾವ ಮುಸಿಬಾ. ತಂತಿ ತೆಳು, ಗಂಟಿಗೆ ಬೆಸುಗೆ ಇಲ್ಲ, ತಪ್ಪು ಅಂತ ಅವ್ರೇ ಬರೆದಿದಾರೆ. ಆದ್ರೂ ಅದು ಆರು ವರ್ಷ ಮಾತಾಡ್ತು. ನೀವು ಬಂದು ನೋಡಿ ನಾಲ್ಕು ತಿಂಗಳಾಯ್ತು, ಒಂದು ಮಾತಾದ್ರೂ ಆಡಿಸಿದ್ರಾ?" ನೀವು ಹೇಳಿದ ಹಾಗೆಯೇ ಹೇಳಿದ್ದೇನೆ, ಸ್ವಲ್ಪ ನನ್ನದೂ ಸೇರಿಸಿದ್ದೇನೆ.

ಗುಂಡಿ ಒತ್ತಿದೆ. "ಮ್ವಾಂಜಾ, ಮ್ವಾಂಜಾ, ಇದು ಬುಗೊಬೆ." ಮುಳ್ಳು ಹನ್ನೆರಡರಲ್ಲೇ ನಿಂತಿತು. ಬಿಟ್ಟೆ. ಉತ್ತರವಿಲ್ಲ. ಮತ್ತೆ ಒತ್ತಿದೆ. ಇಲ್ಲ. ಲುಹೆಂಡೆ ಪೆಟ್ಟಿಗೆಯ ಮುಚ್ಚಳ ತೆಗೆದ. ಮೂರನೆಯ ಸಲ ಗಂಟಲು ಹರಿಯುವ ಹಾಗೆ ಕೂಗಿದೆ.

"ಯಾರಮ್ಮಾ ಅದು, ಕಿವಿ ಕಿತ್ತುಹೋಗೋ ಹಾಗೆ ಕಿರುಚ್ತಿರೋದು! ಟೀ ಕುಡಿಯೋಕೂ ಬಿಡಲ್ವಾ?" ಎಂದಿತು ಸೆಟ್ಟು. "ಬುಗೊಬೆನಾ? ಆರು ತಿಂಗಳಿಂದ ಎಲ್ಲಿ ಸತ್ತಿದ್ರಿ?"

ಅಂಗಳದಲ್ಲಿ ಎದ್ದ ಕೂಗು ನಿಮಗೆ ದಾರ್‌ನಲ್ಲೇ ಕೇಳಿಸಬೇಕಿತ್ತು. ಹೆಂಗಸರು ನಾಲಿಗೆ ಹೊರಳಿಸಿ ಹಾಕಿದ ಉಲುಲು ಕೇಕೆ ನಿಲ್ಲಲೇ ಇಲ್ಲ. ಅಮ್ಮ ಅಡುಗೆ ಸೌಟು ಹಿಡಿದುಕೊಂಡೇ ಕುಣಿದಳು. ಲುಹೆಂಡೆ "ಒಂದ್ ಮಾತಿಗೆ ಬಂದಿದೆ, ನಿಲ್ಲಲ್ಲ" ಅಂದ. ಡಾಕ್ಟರು ನನ್ನ ಕಡೆ ತಿರುಗಿ, "ಗುಂಡಿ ಬಿಡದೆ ನೂರರವರೆಗೆ ಎಣಿಸಮ್ಮ" ಎಂದರು. ಎಣಿಸಿದೆ. ನನ್ನ ಜೊತೆ ಊರೇ ಎಣಿಸಿತು. ಮುಳ್ಳು ಅಲ್ಲಾಡಲಿಲ್ಲ. ಗುಂಡಿ ಬಿಟ್ಟಾಗ ಸರೋವರದ ಸುತ್ತಲಿನ ಊರಿನವರು, ಮುಸೋಮಾ, ನನ್ಸಿಯೋ, ಬುಕೋಬಾ, ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು. ಪೆರ್ಪೆಟುವಾ ಮೈಕು ಕಿತ್ತುಕೊಂಡು ಆರು ತಿಂಗಳ ಔಷಧಿಯ ಪಟ್ಟಿಯನ್ನು ಒಂದೇ ಉಸಿರಿಗೆ ಓದಿದರು.

ಎಲ್ಲ ತಣ್ಣಗಾದ ಮೇಲೆ ನ್ಯಮಾಟಾ ಜಗಲಿ ಹತ್ತಿ ಬಂದಳು. ಯಾರೂ ಕರೆದಿರಲಿಲ್ಲ. ಮೈಕು ಕೈಗೆ ತೆಗೆದುಕೊಂಡು ಗುಂಡಿ ಒತ್ತಿ, "ಕೇಳಿಸ್ತಾ?" ಎಂದಳು. ಅಷ್ಟೇ. ಆ ಕಡೆಯವನು, ಅಷ್ಟು ಹೊತ್ತು ಬೈಯುತ್ತಿದ್ದವನು, ಮೆತ್ತಗೆ, "ಕೇಳಿಸ್ತು ತಾಯಿ. ಚೆನ್ನಾಗಿ ಕೇಳಿಸ್ತು" ಎಂದ. ಅವಳು ಮೈಕನ್ನು ಮೊಳೆಗೆ ನೇತುಹಾಕಿ ಕೆಳಗಿಳಿದಳು.

ಸೆಟ್ಟು ಇಲ್ಲೇ ಉಳಿಯಿತು. ಡಾಕ್ಟರು ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಖಾಲಿ ಪೆಟ್ಟಿಗೆ ವಾಪಸು ಕಳಿಸುವುದು ಚೆನ್ನಾಗಿರುವುದಿಲ್ಲ ಎಂದು ಹೆಂಗಸರು ಅದರ ತುಂಬ ಒಣಮೀನು ತುಂಬಿಕೊಟ್ಟರು. ಲುಹೆಂಡೆಯೇ ಹೊತ್ತುಕೊಂಡು ಹೋದ. ಹೋಗುವ ಮುಂಚೆ, "ಎರಡೂ ಕಡೆ ಅಳೀಬೇಕಿತ್ತು ನಾನು" ಎಂದು ಮೆಲ್ಲಗೆ ಹೇಳಿದ. ಅಷ್ಟು ಕೆಟ್ಟವನೇನಲ್ಲ.

ಇನ್ನೊಂದು ಮಾತು. ತಂತಿ ಹಾಕಿದವರು ಯಾರೆಂದು ನಿಮ್ಮ ಕಾಗದದಿಂದ ನನಗೆ ಗೊತ್ತಾದದ್ದಲ್ಲ. ಮೇ ತಿಂಗಳಲ್ಲಿ ಮೊದಲ ಗಂಟಿನ ಮೇಲಿನ ಸೈಕಲ್ ಟ್ಯೂಬಿನ ಪಟ್ಟಿ ಬಿಚ್ಚಿದಾಗಲೇ ಗೊತ್ತಾಯಿತು. ಬಲೆ ಹೆಣೆಯುವ ದಾರದಿಂದ ಹಾಗೆ ಬಿಗಿಯುವವರು ಈ ಸರೋವರದಲ್ಲೆಲ್ಲ ನೀವೊಬ್ಬರೇ. ಬರೆಯಲು ಕೈ ಬರಲಿಲ್ಲ. ನೀವಾಗಿಯೇ ಹೇಳಿದಿರಲ್ಲ, ನನಗೆ ಅದೇ ದೊಡ್ಡದು. ಬೋರ್ಡು ಇಳಿಸುವುದಿಲ್ಲ. ಕೆಳಗೆ ಜಾಗವಿದೆ, ನನ್ನ ಹೆಸರನ್ನೂ ಬರೆಸಿದ್ದೇನೆ.

ನ್ಯಂಗೇತಾ


ದಾರ್ ಎಸ್ ಸಲಾಮ್
೧೩ ಜುಲೈ ೧೯೯೧

ನ್ಯಂಗೇತಾ,

ನಿನ್ನ ಕಾಗದದ ಅರ್ಧ ಕಥೆ ನನಗೆ ಮೊದಲೇ ಗೊತ್ತಿತ್ತು. ಜೂನ್ ಇಪ್ಪತ್ತರ ಬೆಳಿಗ್ಗೆ ನಾನು ಅಂಗಡಿ ತೆರೆಯಲಿಲ್ಲ. ಇಲ್ಲೊಂದು ಧರ್ಮಸಂಸ್ಥೆಯ ಕಚೇರಿಯಲ್ಲಿ ಅಂಥದೇ ಸೆಟ್ಟಿದೆ. ಅವರ ಕಾಲು ಹಿಡಿದು ಸರೋವರದವರು ಮಾತಾಡುವ ಜಾಗಕ್ಕೆ ಮುಳ್ಳು ತಿರುಗಿಸಿಕೊಂಡು ಎಂಟು ಗಂಟೆಯಿಂದ ಕೂತಿದ್ದೆ. ಕೇಬಲ್ ಮುಟ್ಟಿರುತ್ತದೆ ಎಂದು ನಂಬಿಕೊಂಡಿದ್ದೆ. ಬರೀ ಸರಸರ ಸದ್ದು. ಹತ್ತು ದಾಟಿತು. ಆಮೇಲೆ ಆ ಸದ್ದಿನ ಆಳದಿಂದ ನಿನ್ನ ಕಿರುಚಾಟ ಬಂತು.

ನೀನು ಎಣಿಸುವಾಗ ನಾನೂ ಎಣಿಸಿದೆ. ನಲವತ್ತಕ್ಕೆ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತೆ. ಕಚೇರಿಯವರು ಗಾಬರಿಯಾಗಿ ನೀರು ತಂದುಕೊಟ್ಟರು. "ಯಾರು ಅಜ್ಜಾ ಅದು, ನಿಮ್ಮ ಮಗಳಾ?" ಎಂದರು. "ನಮ್ಮೂರ ರೇಡಿಯೋ ರಿಪೇರಿಯವಳು" ಎಂದೆ. ಕೊನೆಗೆ ಒಬ್ಬ ಹೆಂಗಸು ಕೇಳಿಸ್ತಾ ಎಂದದ್ದೂ ಕೇಳಿತು. ಮೈಕನ್ನು ನನ್ನ ಕೈಗೆ ಕೊಟ್ಟಿರಲಿಲ್ಲ, ಆದರೂ ಕೇಳಿಸ್ತು ಎಂದು ಗಟ್ಟಿಯಾಗಿ ಹೇಳಿದೆ. ಅವಳು ಯಾರೆಂದು ನಿನ್ನ ಕಾಗದ ಬಂದ ಮೇಲೆ ತಿಳಿಯಿತು. ಅವಳಿಗೆ ಬೇರೆ ಕಾಗದ ಬರೆದಿದ್ದೇನೆ, ಇದರೊಳಗೇ ಇದೆ. ನೀನು ಓದಿ ಹೇಳಬೇಡ, ಶಾಲೆಯ ಮೇಷ್ಟ್ರ ಹತ್ತಿರ ಓದಿಸಿಕೊಳ್ಳಲಿ.

ಬ್ಯಾಟರಿಯನ್ನೇ ಹೊರಗೆ ತರುವ ಉಪಾಯ ನನಗೆ ಹೊಳೆದಿರಲಿಲ್ಲ. ಅವತ್ತೂ ಹೊಳೆಯಲಿಲ್ಲ, ಈ ಆರು ವರ್ಷದಲ್ಲೂ ಹೊಳೆಯಲಿಲ್ಲ, ಹತ್ತು ಮೀಟರ್ ಕೇಬಲ್ ಕೊಂಡುಕೊಳ್ಳುವಾಗಲೂ ಹೊಳೆಯಲಿಲ್ಲ. ನಿನ್ನ ಕಾಗದದ ಆ ಸಾಲು ಓದಿ ಹಣೆ ಚಚ್ಚಿಕೊಂಡೆ, ಆಮೇಲೆ ಒಬ್ಬನೇ ಕೂತು ನಕ್ಕೆ.

ಈಗ ನನ್ನ ಕಷ್ಟ ಕೇಳು. ಒಂದು ಚರ್ಚಿನ ಆಂಪ್ಲಿಫೈಯರ್ ಬಂದಿದೆ. ಹಾಡುವವರ ದನಿಗಿಂತ ಹೆಚ್ಚಾಗಿ ಗುಂಯ್ ಅನ್ನುತ್ತದೆ. ಕೆಪಾಸಿಟರ್ ಬದಲಾಯಿಸಿದೆ, ಡಯೋಡು ಬದಲಾಯಿಸಿದೆ. ನನ್ನ ಮೇಜಿನ ಮೇಲೆ ಸೊಲ್ಲೆತ್ತದೆ ಸುಮ್ಮನಿರುತ್ತದೆ, ಚರ್ಚಿಗೆ ಒಯ್ದು ಜೋಡಿಸಿದರೆ ಮತ್ತೆ ಗುಂಯ್. ಮೂರು ಭಾನುವಾರವಾಯಿತು, ಪಾದ್ರಿಗಳು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಈ ಸಲ ನೋಡದೆ ಏನೂ ಹೇಳುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಮೊದಲು ಎಲ್ಲಿ ಅಳೆಯಲಿ? ನಿನ್ನ ಉತ್ತರ ಬರುವವರೆಗೆ ಅದಕ್ಕೆ ಕೈ ಹಚ್ಚುವುದಿಲ್ಲ.

ಮುಸಿಬಾ